ಕಂಠದ ಅರ್ಬುದರೋಗಕ್ಕೆ ವಿಕಿರಣ ಚಿಕಿತ್ಸೆ: ತಡವಾಗಿ ತೋರುವ ನರಹಾನಿಯ ಚರಿತ್ರೆ ಮತ್ತು ಸ್ವರೂಪ

ರೋಗವೊಂದು ವಾಸಿಯಾದ ಹತ್ತು ವರ್ಷಗಳ ಮೇಲೆ, ಅದನ್ನು ವಾಸಿಮಾಡಿದ ಚಿಕಿತ್ಸೆಯೇ ಮತ್ತೊಂದು ಬಾಧೆಗೆ ಕಾರಣವಾಗಬಹುದೆಂಬ ಮಾತು ಸಾಮಾನ್ಯರ ತಿಳಿವಳಿಕೆಗೆ ಸುಲಭವಾಗಿ ಎಟಕುವುದಿಲ್ಲ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಇಷ್ಟು ದೀರ್ಘವಾದ ಅಂತರವಿದ್ದರೆ ಅವೆರಡರ ಸಂಬಂಧವು ಮರೆಯಾಗುತ್ತದೆ. ಕಂಠದ ಅರ್ಬುದರೋಗಕ್ಕೆ, ಎಂದರೆ ಗಂಟಲಿನ ಕ್ಯಾನ್ಸರಿಗೆ, ವಿಕಿರಣ ಚಿಕಿತ್ಸೆಯನ್ನು ಪಡೆದು ಗುಣಹೊಂದಿದವರಲ್ಲಿ ಕೆಲವರಿಗೆ ವರ್ಷಗಳ ತರುವಾಯ ನಾಲಗೆ ತೊದಲುವುದು, ಅನ್ನನೀರು ಗಂಟಲಲ್ಲಿ ತಡೆಯುವುದು, ಭುಜ ಇಳಿಬೀಳುವುದು, ಕೈಬೆರಳುಗಳು ಜೋಮುಹಿಡಿಯುವುದು ಮೊದಲಾದ ಲಕ್ಷಣಗಳು ತೋರುತ್ತವೆ. ಇವು ಕತ್ತಿನಲ್ಲಿ ಹಾಯ್ದುಹೋಗುವ ನರಗಳಿಗೆ ಒದಗಿದ ಹಾನಿಯ ಫಲಗಳು.

ವೈದ್ಯಶಾಸ್ತ್ರಕ್ಕೆ ಸೇರಿದ ಈ ವಿಷಯವನ್ನು ಇತಿಹಾಸದ ಅಧ್ಯಾಪಕರು ಕೈಗೆತ್ತಿಕೊಂಡುದೇಕೆಂದು ವಾಚಕರು ಕೇಳಬಹುದು. ಕಾಲದಿಂದ ಬಹುದೂರ ಸರಿದ ಕಾರಣವನ್ನು ದಾಖಲೆಯ ಬಲದಿಂದ ಹಿಂದಕ್ಕೆ ಹೋಗಿ ಗುರುತಿಸುವುದು ಇತಿಹಾಸದ ಕೆಲಸ. ತಡವಾದ ನರಹಾನಿಯನ್ನು ಗುರುತಿಸುವುದೂ ಇದೇ ಬಗೆಯ ಕೆಲಸವೆಂದು, ದಾಖಲೆಯಿಲ್ಲದ ಕಡೆ ಅದು ಬಹುಮಟ್ಟಿಗೆ ಅಸಾಧ್ಯವೆಂದು ನಾವು ಇಲ್ಲಿ ತೋರಿಸಲು ಯತ್ನಿಸುತ್ತೇವೆ. ಚಿಕ್ಕಮಗಳೂರು ಸೀಮೆಯ ಆಲ್ದೂರಿನಂಥ ಹೋಬಳಿ ಕೇಂದ್ರವನ್ನು ನಿದರ್ಶನಕ್ಕೆ ತೆಗೆದುಕೊಂಡಿದ್ದೇವೆ. ಚಿಕಿತ್ಸೆ ದೊರೆಯುವ ಸ್ಥಳಕ್ಕೂ ಅದರ ಫಲವನ್ನು ಅನುಭವಿಸುವ ಸ್ಥಳಕ್ಕೂ ಇರುವ ದೂರವು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

೧. ಪೂರ್ವಚರಿತ್ರೆ

ಶ್ರೀ ರಾಮಕೃಷ್ಣ ಪರಮಹಂಸರು ೧೮೮೬ರ ಆಗಸ್ಟ್ ೧೬ರಂದು ಕಂಠದ ಅರ್ಬುದರೋಗದಿಂದ ದೇಹತ್ಯಾಗ ಮಾಡಿದರು. ಜರ್ಮನಿಯ ಚಕ್ರವರ್ತಿ ಮೂರನೆಯ ಫ್ರೆಡರಿಕನು ಇದೇ ರೋಗದಿಂದ ನರಳುತ್ತ ಸಿಂಹಾಸನವನ್ನೇರಿ, ಕೇವಲ ೯೯ ದಿನ ಆಳಿ, ೧೮೮೮ರ ಜೂನ್ ೧೫ರಂದು ಮೃತನಾದನು. ಒಬ್ಬರು ವಿರಕ್ತರು, ಮತ್ತೊಬ್ಬನು ಸಾಮ್ರಾಜ್ಯದ ಒಡೆಯ. ಆದರೂ ಆ ಕಾಲದ ವೈದ್ಯವು ಇಬ್ಬರನ್ನೂ ಉಳಿಸಲಾರದೆ ಹೋಯಿತು. ರೋಗ ಗುರುತಾದ ಮೇಲೆ ಬದುಕು ತಿಂಗಳುಗಳ ಲೆಕ್ಕಕ್ಕೆ ಇಳಿಯುತ್ತಿದ್ದ ಆ ದಿನಗಳಲ್ಲಿ, ಹತ್ತು ವರ್ಷಗಳ ಮೇಲೆ ಬರುವ ತೊಡಕಿನ ಮಾತಿಗೆ ಎಡೆಯೇ ಇರಲಿಲ್ಲ. ತಡವಾದ ಹಾನಿಯು ಬದುಕಿ ಉಳಿದವರಿಗೆ ಮಾತ್ರ ಬರಬಲ್ಲದು. ಚಿಕಿತ್ಸೆ ಸಫಲವಾಗತೊಡಗಿದ ಮೇಲೆಯೇ ಅದರ ಚರಿತ್ರೆ ಆರಂಭವಾಗುತ್ತದೆ.

ಫ್ರೆಡರಿಕನ ಮರಣವಾದ ಏಳು ವರ್ಷಗಳಿಗೆ, ೧೮೯೫ರಲ್ಲಿ, ರಂಟ್‌ಗೆನ್ ಎಂಬ ವಿಜ್ಞಾನಿಯು ಕ್ಷ-ಕಿರಣಗಳನ್ನು ಕಂಡುಹಿಡಿದನು. ೧೮೯೮ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ ಧಾತುವನ್ನು ಗುರುತಿಸಿದರು. ಈ ಕಿರಣಗಳಿಂದ ಗೆಡ್ಡೆಗಳನ್ನು ಕುಗ್ಗಿಸಬಹುದೆಂಬುದು ಬೇಗನೆ ತಿಳಿದುಬಂದರೂ, ಒಂದೇ ಸಾರಿಗೆ ಹೆಚ್ಚು ಕಿರಣವನ್ನು ಹಾಯಿಸುತ್ತಿದ್ದುದರಿಂದ ಚರ್ಮವೂ ಮಾಂಸವೂ ಬೆಂದು ಕೊಳೆಯುತ್ತಿದ್ದುವು. ಪ್ಯಾರಿಸಿನ ರೇಡಿಯಮ್ ಸಂಸ್ಥೆಯಲ್ಲಿ ಕ್ಲೋಡ್ ರೆಗೋ ಎಂಬಾತನ ಪ್ರಯೋಗಗಳ ಜಾಡಿನಲ್ಲಿ ಆನ್ರಿ ಕುತಾರ್ ಎಂಬ ವೈದ್ಯನು ಕಿರಣದ ಮೊತ್ತವನ್ನು ಅನೇಕ ದಿನಗಳಿಗೆ ಹಂಚಿ, ಕಂತುಕಂತಾಗಿ ಕೊಡುವ ಕ್ರಮವನ್ನು ರೂಢಿಸಿದನು. ಧ್ವನಿಪೆಟ್ಟಿಗೆಯ ಬಲಿತ ಅರ್ಬುದವೂ ಈ ಕ್ರಮದಿಂದ ಭೀಕರವಾದ ಗಾಯಗಳಿಲ್ಲದೆ ಗುಣವಾಗಬಲ್ಲುದೆಂಬುದನ್ನು ೧೯೨೨ರಲ್ಲಿ ಪ್ಯಾರಿಸಿನಲ್ಲಿ ಸೇರಿದ ವೈದ್ಯರ ಮುಂದೆ ತೋರಿಸಲಾಯಿತು. ಇಂದು ಲೋಕದಲ್ಲೆಲ್ಲ ನಡೆಯುತ್ತಿರುವ ಕಂತಿನ ಚಿಕಿತ್ಸೆಗೆ ಮೊದಲ ಬಲವಾದ ನಿದರ್ಶನವು ಹೀಗೆ ಗಂಟಲಿನ ರೋಗದಿಂದಲೇ ದೊರೆಯಿತು.

೧೯೫೧ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್-೬೦ ಎಂಬ ವಿಕಿರಣಶೀಲ ಧಾತುವನ್ನು ಬಳಸುವ ಯಂತ್ರವು ಬಳಕೆಗೆ ಬಂದಿತು. ಅದರ ಕಿರಣವು ಚರ್ಮವನ್ನು ಅಷ್ಟಾಗಿ ಸುಡದೆ ಆಳಕ್ಕೆ ಇಳಿಯಬಲ್ಲುದಾಗಿತ್ತು. ಭಾರತದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರಲ್ಲಿಯೂ, ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಪರಿಶ್ರಮದಿಂದ ಮದರಾಸಿನ ಅಡಯಾರಿನ ಕ್ಯಾನ್ಸರ್ ಸಂಸ್ಥೆ ೧೯೫೪ರಲ್ಲಿಯೂ ಆರಂಭವಾದುವು. ನಮ್ಮ ನಾಡು ಇನ್ನೂ ಮೈಸೂರು ರಾಜ್ಯವೆಂಬ ಹೆಸರಿನಲ್ಲಿದ್ದ ೧೯೭೩ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ತೆರೆಯಿತು. ಮಲೆನಾಡಿನ ರೋಗಿಗಳು ಬೆಂಗಳೂರಿಗಲ್ಲದೆ ಘಟ್ಟವನ್ನಿಳಿದು ಮಂಗಳೂರು, ಮಣಿಪಾಲಗಳಿಗೂ ಹೋಗುವುದುಂಟು.

ಮುಂದೆ ೧೯೯೧ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ೩೩೨ ರೋಗಿಗಳನ್ನು ಕುರಿತು ನಡೆದ ಅಧ್ಯಯನವು ಪ್ರಕಟವಾಯಿತು. ಧ್ವನಿಪೆಟ್ಟಿಗೆಯನ್ನು ಕತ್ತರಿಸಿ ತೆಗೆದವರಲ್ಲಿಯೂ, ಔಷಧಿ ಮತ್ತು ವಿಕಿರಣಗಳಿಂದ ಚಿಕಿತ್ಸೆ ಪಡೆದವರಲ್ಲಿಯೂ ಎರಡು ವರ್ಷಗಳ ಮೇಲೆ ಬದುಕಿದ್ದವರ ಪ್ರಮಾಣ ಒಂದೇ ಆಗಿತ್ತು; ಎರಡನೆಯ ಗುಂಪಿನಲ್ಲಿ ನೂರಕ್ಕೆ ೬೪ ಮಂದಿಯ ಧ್ವನಿಪೆಟ್ಟಿಗೆ ಉಳಿದುಕೊಂಡಿತ್ತು. ಅಲ್ಲಿಂದ ಮುಂದೆ ವಿಕಿರಣದಿಂದ ಗುಣಹೊಂದಿ, ಸ್ವಂತ ಕಂಠವನ್ನು ಉಳಿಸಿಕೊಂಡು, ಹತ್ತಾರು ವರ್ಷ ಬಾಳುವವರ ಸಂಖ್ಯೆ ಬೆಳೆಯಿತು. ನಮ್ಮ ವಿಷಯವು ಇವರನ್ನು ಕುರಿತದ್ದು.

೨. ನರಗಳು ಕಿರಣಕ್ಕೆ ಬಗ್ಗವೆಂಬ ನಂಬಿಕೆ

೧೯೦೬ರಲ್ಲಿ ಬರ್ಗೋನಿಯೆ ಮತ್ತು ತ್ರಿಬೊಂದೊ ಎಂಬ ಇಬ್ಬರು ಫ್ರೆಂಚ್ ವಿದ್ವಾಂಸರು ಒಂದು ನಿಯಮವನ್ನು ಮುಂದಿಟ್ಟರು. ಯಾವ ಜೀವಕೋಶಗಳು ಹೆಚ್ಚು ಹೆಚ್ಚಾಗಿ ಒಡೆದು ಇಮ್ಮಡಿಸುತ್ತವೆಯೋ ಅವುಗಳ ಮೇಲೆ ಕಿರಣದ ಪರಿಣಾಮವೂ ಹೆಚ್ಚು ಎಂಬುದು ಅದರ ತಾತ್ಪರ್ಯ. ಅರ್ಬುದದ ಕೋಶಗಳು ಎಡೆಬಿಡದೆ ಇಮ್ಮಡಿಸುವುದರಿಂದ ಕಿರಣಕ್ಕೆ ಸಾಯುತ್ತವೆ. ವಯಸ್ಕರ ನರಕೋಶಗಳು ಇಮ್ಮಡಿಸುವುದೇ ಇಲ್ಲವಾದುದರಿಂದ ಅವು ಕಿರಣವನ್ನು ತಡೆದುಕೊಳ್ಳುತ್ತವೆ ಎಂದು ಬಹುಕಾಲ ಭಾವಿಸಲಾಗಿತ್ತು. ಈ ನಿಯಮದಲ್ಲಿ ಸತ್ಯಾಂಶವಿದ್ದರೂ, ಅದು ಕೆಲವು ವಾರಗಳೊಳಗೆ ತೋರುವ ಪರಿಣಾಮಕ್ಕೆ ಮಾತ್ರ ಸಲ್ಲುವಂಥದು. ವರ್ಷಗಳ ಮೇಲೆ ತೋರುವುದನ್ನು ಅದು ಮುನ್ನರಿಯಲಿಲ್ಲ.

ನಂಬಿಕೆಗೆ ಮೊದಲ ಪೆಟ್ಟು ಬಿದ್ದುದು ಗಂಟಲಿನ ರೋಗಿಗಳಿಂದಲೇ. ಸ್ವೀಡನ್ ದೇಶದ ಆಲ್‌ಬೊಮ್ ಎಂಬ ವೈದ್ಯನು ೧೯೪೧ರಲ್ಲಿ, ಗಂಟಲಕುಳಿಯ ಕೆಳಭಾಗದ ಅರ್ಬುದಕ್ಕೆ ಚಿಕಿತ್ಸೆ ಪಡೆದ ಕೆಲವರ ಬೆನ್ನುಹುರಿಗೆ ಹಾನಿಯಾದುದನ್ನು ವರದಿಮಾಡಿದನು. ೧೯೪೮ರಲ್ಲಿ ಇಂಗ್ಲೆಂಡಿನ ಬೋಡನ್ ಎಂಬಾತನು ಕತ್ತಿನ ಭಾಗದ ಬೆನ್ನುಹುರಿಯ ಹಾನಿಯನ್ನು ವಿವರವಾಗಿ ವಿಚಾರಮಾಡಿದನು. ೧೯೬೬ರಲ್ಲಿ ಸ್ಟಾಲ್ ಮತ್ತು ಆಂಡ್ರೂಸ್ ಎಂಬವರು, ಸ್ತನದ ಅರ್ಬುದಕ್ಕೆ ವಿಕಿರಣ ಪಡೆದ ಸ್ತ್ರೀಯರಲ್ಲಿ ತೋಳಿನ ನರಜಾಲವು ಕೆಡುವುದನ್ನು ಬೆಳಕಿಗೆ ತಂದರು. ಬೆನ್ನುಹುರಿಯ ವಿಚಾರವು ನಲವತ್ತರ ದಶಕದಲ್ಲಿಯೇ ತಿಳಿದಿದ್ದರೂ, ಹೊರನರಗಳೂ ಕೆಡಬಲ್ಲವೆಂಬುದು ವ್ಯಾಪಕವಾಗಿ ಅಂಗೀಕೃತವಾಗಲು ಮತ್ತೆ ಎರಡು ದಶಕಗಳು ಹಿಡಿದುವು.

೩. ಕತ್ತಿನಲ್ಲಿ ಹಾಯುವ ನರಗಳು

ಕತ್ತು ಕಿರಿದಾದ ಹಾದಿ. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಕೊನೆಯ ನಾಲ್ಕು ಜೊತೆಗಳು ತಲೆಬುರುಡೆಯ ಬುಡದಿಂದ ಇಳಿದು ಈ ಹಾದಿಯಲ್ಲಿಯೇ ಸಾಗುತ್ತವೆ. ಒಂಬತ್ತನೆಯದು ಗಂಟಲಿನ ಸ್ಪರ್ಶಜ್ಞಾನಕ್ಕೆ ಸಂಬಂಧಿಸಿದ್ದು. ಹತ್ತನೆಯದಾದ ವೇಗಸ್ ನರವು ನುಂಗುವ ಕ್ರಿಯೆಯನ್ನೂ ಧ್ವನಿತಂತುಗಳ ಚಲನೆಯನ್ನೂ ನಡೆಸುತ್ತದೆ. ಹನ್ನೊಂದನೆಯದು ಭುಜವನ್ನು ಎತ್ತುವ ಸ್ನಾಯುವಿಗೆ ಹೋಗುತ್ತದೆ. ಹನ್ನೆರಡನೆಯದು ನಾಲಗೆಯ ಸ್ನಾಯುಗಳನ್ನು ಆಡಿಸುತ್ತದೆ. ಕತ್ತಿನ ಬುಡದಲ್ಲಿ, ಕೊರಳೆಲುಬಿನ ಹಿಂದೆ, ಬೆನ್ನುಹುರಿಯಿಂದ ಹೊರಟ ಐದು ನರಗಳು ಹೆಣೆದುಕೊಂಡು ತೋಳಿನ ನರಜಾಲವಾಗಿ ಕೈಗೆ ಇಳಿಯುತ್ತವೆ.

ಗಂಟಲಿನ ಅರ್ಬುದವು ಕತ್ತಿನ ಗ್ರಂಥಿಗಳಿಗೆ ಹರಡುವ ಸ್ವಭಾವವುಳ್ಳದ್ದಾದುದರಿಂದ ಅನೇಕ ವೇಳೆ ಕಿರಣವನ್ನು ಗೆಡ್ಡೆಗಷ್ಟೇ ಅಲ್ಲದೆ ಕತ್ತಿನ ಎರಡು ಪಾರ್ಶ್ವಗಳಿಗೂ ಹಾಯಿಸಬೇಕಾಗುತ್ತದೆ. ಹಳೆಯ ಕ್ರಮದಲ್ಲಿ ಕತ್ತಿನ ಬಲಗಡೆಯಿಂದಲೂ ಎಡಗಡೆಯಿಂದಲೂ ಎದುರುಬದುರಾಗಿ ಕಿರಣ ಬಿಡುತ್ತಿದ್ದರು. ನಡುವೆ ಇದ್ದುದೆಲ್ಲವೂ ಹೆಚ್ಚುಕಡಮೆ ಸಮನಾದ ಪಾಲನ್ನು ಪಡೆಯುತ್ತಿತ್ತು. ಬೆನ್ನುಹುರಿಯನ್ನು ಒಂದು ಮಿತಿಯ ನಂತರ ಮರೆಮಾಡುವ ಎಚ್ಚರವನ್ನು ವೈದ್ಯರು ವಹಿಸುತ್ತಿದ್ದರು. ಆದರೆ ಗೆಡ್ಡೆಯ ಮಗ್ಗುಲಲ್ಲಿಯೇ ಹಾಯುವ ನರಗಳನ್ನು ಮರೆಮಾಡಿದರೆ ಗೆಡ್ಡೆಯನ್ನೂ ಮರೆಮಾಡಿದಂತೆಯೇ ಸರಿ. ಧ್ವನಿತಂತುವಿನ ಮೇಲಿನ ಸಣ್ಣ ಅರ್ಬುದಕ್ಕೆ ಕಿರಣದ ಕ್ಷೇತ್ರವು ಕೆಲವೇ ಅಂಗುಲ ಅಗಲವಾಗಿರುವುದರಿಂದ ಅಲ್ಲಿ ನರಹಾನಿಯ ಭಯ ಬಹಳ ಕಡಮೆ. ಗಂಟಲಕುಳಿಯ ಬಲಿತ ರೋಗಗಳಲ್ಲಿ ಅದು ಹೆಚ್ಚು.

೪. ಹಾನಿ ತಡವಾಗುವುದೇಕೆ

ಕಿರಣದಿಂದ ತೋರುವ ಪರಿಣಾಮಗಳನ್ನು ಕಾಲಾನುಕ್ರಮದಲ್ಲಿ ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಚಿಕಿತ್ಸೆಯ ವಾರಗಳಲ್ಲಿಯೇ ಬರುವ ಬಾಯಿಹುಣ್ಣು, ನುಂಗಲಾಗದ ನೋವು, ಚರ್ಮ ಕಪ್ಪಾಗುವುದು ಇತ್ಯಾದಿ. ಎರಡನೆಯದು ಕೆಲವು ತಿಂಗಳುಗಳೊಳಗೆ ತೋರಿ ಮಾಯವಾಗುವಂಥದು. ಕತ್ತನ್ನು ಮುಂದಕ್ಕೆ ಬಗ್ಗಿಸಿದರೆ ಬೆನ್ನಿನುದ್ದಕ್ಕೂ ವಿದ್ಯುತ್ ಹರಿದಂತೆ ಜುಮ್ಮೆನ್ನುವುದು ಇದಕ್ಕೆ ನಿದರ್ಶನ. ಇದಕ್ಕೆ ಲೆರ್ಮಿಟ್ ಲಕ್ಷಣವೆಂದು ಹೆಸರು. ನರತಂತುಗಳ ಮೇಲಿನ ಮಯಲಿನ್ ಎಂಬ ಹೊದಿಕೆಯು ತಾತ್ಕಾಲಿಕವಾಗಿ ತೆಳುವಾಗುವುದು ಇದರ ಕಾರಣವೆಂದು ಭಾವಿಸಲಾಗಿದೆ. ಹೊದಿಕೆ ಮತ್ತೆ ಬೆಳೆದ ಮೇಲೆ ಲಕ್ಷಣವೂ ಹೋಗುತ್ತದೆ. ಮೂರನೆಯದೇ ನಮ್ಮ ವಿಷಯವಾದ ತಡವಾದ ಹಾನಿ. ಒಂದು ವರ್ಷದಿಂದ ಹಿಡಿದು ಇಪ್ಪತ್ತು ಮೂವತ್ತು ವರ್ಷಗಳವರೆಗೆ ಯಾವಾಗಲಾದರೂ ಇದು ತೋರಬಹುದು. ತೋರಿದ ಮೇಲೆ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ.

ಇದರ ಬಗೆಯನ್ನು ಕಾಫಿತೋಟದ ಒಂದು ಸಾಮಾನ್ಯ ದೃಶ್ಯದಿಂದ ತಿಳಿಯಬಹುದು. ಬೇಲಿಗೆಂದು ಎಳೆಯ ಸಿಲ್ವರ್ ಓಕ್ ಮರಕ್ಕೆ ತಂತಿಯನ್ನು ಸುತ್ತಿ ಬಿಟ್ಟರೆ ಮೊದಲ ವರ್ಷ ಮರಕ್ಕೆ ಏನೂ ಆಗದು. ಮರ ದಪ್ಪನಾದಂತೆಲ್ಲ ತಂತಿಯು ತೊಗಟೆಯೊಳಗೆ ಹೂತು, ಕಡೆಗೆ ರಸ ಹರಿಯುವ ಹಾದಿಯನ್ನೇ ಅಮುಕುತ್ತದೆ. ಕತ್ತಿನಲ್ಲಿಯೂ ಇಂಥದೇ ಬಿಗಿತವುಂಟಾಗುತ್ತದೆ. ಕಿರಣ ತಗುಲಿದ ಮಾಂಸವು ವರ್ಷಗಳು ಕಳೆದಂತೆ ನಾರುಗಟ್ಟಿ ಗಡುಸಾಗಿ, ತನ್ನೊಳಗೆ ಹಾಯುವ ನರವನ್ನು ಹಿಸುಕುತ್ತದೆ. ನರಕ್ಕೆ ರಕ್ತವನ್ನೊದಗಿಸುವ ಸೂಕ್ಷ್ಮನಾಳಗಳು ಸಣ್ಣಗಾಗಿ ಮುಚ್ಚಿಹೋಗುತ್ತವೆ. ಮಯಲಿನ್ ಹೊದಿಕೆಯನ್ನು ನೆಯ್ಯುವ ಕೋಶಗಳು ಬಹಳ ನಿಧಾನವಾಗಿ ಇಮ್ಮಡಿಸುವಂಥವು. ಕಿರಣದ ಏಟು ಅವುಗಳಲ್ಲಿ ಅಡಗಿದ್ದು, ಇಮ್ಮಡಿಸುವ ಕಾಲ ಬಂದಾಗ ಪ್ರಕಟವಾಗುತ್ತದೆ. ಇವು ಮೂರೂ ಕೂಡಿ ನರವನ್ನು ಕುಂದಿಸುತ್ತವೆ. ೧೯೦೬ರ ನಿಯಮವು ನರಕೋಶವನ್ನಷ್ಟೇ ನೋಡಿತು. ನರವನ್ನು ಪೋಷಿಸುವ ಪರಿವಾರವನ್ನು ಗಣಿಸಲಿಲ್ಲ.

೫. ಮೊತ್ತವೂ ಕಂತೂ

ಅಂಗಾಂಶವು ಹೀರಿಕೊಂಡ ಕಿರಣವನ್ನು ಇಂದು ‘ಗ್ರೇ’ ಎಂಬ ಮಾನದಿಂದ ಅಳೆಯುತ್ತಾರೆ. ಗಂಟಲಿನ ಬಲಿತ ಅರ್ಬುದಕ್ಕೆ ರೂಢಿಯಲ್ಲಿರುವ ಮೊತ್ತವು ಸುಮಾರು ೭೦ ಗ್ರೇ. ಅದನ್ನು ದಿನಕ್ಕೆ ೨ ಗ್ರೇಯಂತೆ ವಾರಕ್ಕೆ ಐದು ದಿನ, ಏಳು ವಾರಗಳಲ್ಲಿ, ೩೫ ಕಂತುಗಳಾಗಿ ಕೊಡುತ್ತಾರೆ. ಬೆನ್ನುಹುರಿಗೆ ತಗುಲುವ ಪಾಲು ೪೫ರಿಂದ ೫೦ ಗ್ರೇಯನ್ನು ಮೀರದಂತೆಯೂ, ತೋಳಿನ ನರಜಾಲಕ್ಕೆ ತಗುಲುವುದು ೬೦ರಿಂದ ೬೬ ಗ್ರೇಯ ಆಸುಪಾಸನ್ನು ದಾಟದಂತೆಯೂ ನೋಡಿಕೊಳ್ಳುವುದು ಈಗಿನ ವಾಡಿಕೆ.

ಮೊತ್ತ ಒಂದೇ ಆದರೂ ಕಂತಿನ ಗಾತ್ರ ಬೇರೆಯಾದರೆ ನರಗಳ ಮೇಲಿನ ಫಲ ಬೇರೆಯಾಗುತ್ತದೆಂಬುದು ಇಲ್ಲಿಯ ಮುಖ್ಯ ತತ್ತ್ವ. ೬೦ ಗ್ರೇಯನ್ನು ೨ರಂತೆ ೩೦ ಕಂತುಗಳಲ್ಲಿ ಕೊಡುವುದಕ್ಕೂ, ೪ರಂತೆ ೧೫ ಕಂತುಗಳಲ್ಲಿ ಕೊಡುವುದಕ್ಕೂ ಅಜಗಜಾಂತರವಿದೆ. ಇಂದು ಬಳಕೆಯಲ್ಲಿರುವ ಲೆಕ್ಕದಂತೆ, ನರದ ಮಟ್ಟಿಗೆ ಎರಡನೆಯದು ೨ರ ಕಂತುಗಳಲ್ಲಿ ಕೊಟ್ಟ ಸುಮಾರು ೯೦ ಗ್ರೇಗೆ ಸಮನಾಗುತ್ತದೆ. ಈ ತತ್ತ್ವವು ಕಹಿಯಾದ ಅನುಭವದಿಂದ ದೃಢಪಟ್ಟಿತು. ಸ್ವೀಡನ್ನಿನ ಊಮಿಯೋ ನಗರದಲ್ಲಿ ೧೯೬೩ರಿಂದ ೧೯೬೫ರವರೆಗೆ ಸ್ತನದ ಅರ್ಬುದಕ್ಕಾಗಿ ದೊಡ್ಡ ಕಂತುಗಳ ಚಿಕಿತ್ಸೆ ಪಡೆದ ಸ್ತ್ರೀಯರನ್ನು ಅಲ್ಲಿಯ ವೈದ್ಯರು ಮೂವತ್ತು ವರ್ಷಗಳಿಗೂ ಮೀರಿ ಗಮನಿಸುತ್ತ ಬಂದರು. ತೋಳಿನ ದುರ್ಬಲತೆಯು ವರ್ಷವರ್ಷಕ್ಕೂ ಹೆಚ್ಚುತ್ತಲೇ ಹೋಯಿತು. ಆ ಸ್ತ್ರೀಯರ ಕಾಗದಪತ್ರಗಳನ್ನು ಮೂರು ದಶಕ ಕಾಪಾಡಿದ್ದರಿಂದಲೇ ಈ ಸತ್ಯವು ಲೋಕಕ್ಕೆ ತಿಳಿಯಿತೆಂಬುದನ್ನು ನಾವು ಮರೆಯಬಾರದು.

೬. ಲಕ್ಷಣಗಳೂ ತಪ್ಪು ನಿರ್ಣಯಗಳೂ

ಗಂಟಲಿನ ಚಿಕಿತ್ಸೆಯಾದ ಮೇಲೆ ಕೆಡುವ ನರಗಳಲ್ಲಿ ನಾಲಗೆಯ ನರವು ಪ್ರಧಾನವಾದುದು. ನಾಲಗೆಯ ಒಂದು ಪಕ್ಕವು ಸೊರಗಿ ಸುಕ್ಕುಗಟ್ಟುತ್ತದೆ. ಹೊರಚಾಚಿದರೆ ಕೆಟ್ಟ ಪಕ್ಕದ ಕಡೆಗೇ ವಾಲುತ್ತದೆ. ಮಾತು ದಪ್ಪನಾಗಿ ತೊದಲುತ್ತದೆ. ವೇಗಸ್ ನರ ಕೆಟ್ಟರೆ ಧ್ವನಿ ಒಡೆದು ಗಾಳಿಬೆರೆತಂತಾಗುತ್ತದೆ. ನುಂಗಿದ್ದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಜಾರುತ್ತದೆ. ಗಂಟಲಿನ ಸ್ಪರ್ಶಜ್ಞಾನವೂ ಕುಂದಿದ್ದರೆ ಹಾಗೆ ಜಾರಿದಾಗ ಕೆಮ್ಮು ಸಹ ಬರುವುದಿಲ್ಲ. ನೋಡುವವರಿಗೆ ರೋಗಿಯು ಸುಖವಾಗಿ ಉಣ್ಣುತ್ತಿರುವಂತೆ ಕಂಡರೂ, ಅವನ ಶ್ವಾಸಕೋಶದಲ್ಲಿ ಮೇಲಿಂದ ಮೇಲೆ ನ್ಯುಮೋನಿಯಾ ಮೂಡುತ್ತದೆ. ಈ ಎಲ್ಲ ತೊಡಕುಗಳಲ್ಲಿ ಪ್ರಾಣಕ್ಕೆ ಅಪಾಯ ತರುವುದು ಮುಖ್ಯವಾಗಿ ಇದೇ. ಭುಜದ ನರ ಕೆಟ್ಟರೆ ತೋಳನ್ನು ತಲೆಯ ಮೇಲಕ್ಕೆ ಎತ್ತಲಾಗದು. ತೋಳಿನ ನರಜಾಲ ಕೆಟ್ಟರೆ ಬೆರಳುಗಳು ಜೋಮುಹಿಡಿದು ಹಿಡಿತ ತಪ್ಪುತ್ತದೆ. ಕತ್ತಿನ ದೊಡ್ಡ ರಕ್ತನಾಳದ ಬಳಿ ಇರುವ, ರಕ್ತದ ಒತ್ತಡವನ್ನು ಅಳೆದು ತಿಳಿಸುವ ನರತುದಿಗಳು ಕೆಟ್ಟರೆ ಒತ್ತಡವು ಒಮ್ಮೆ ಏರಿ ಒಮ್ಮೆ ಇಳಿದು ರೋಗಿಯನ್ನು ಕಂಗೆಡಿಸುತ್ತದೆ.

ಇವುಗಳ ನಿರ್ಣಯದಲ್ಲಿ ನಾಲ್ಕು ಬಗೆಯ ತಪ್ಪುಗಳು ಸಂಭವಿಸುತ್ತವೆ. ತೊದಲುವವನು ಕುಡಿದಿದ್ದಾನೆಂದು ಊರಿನವರು ತಿಳಿಯುವುದು ಮೊದಲನೆಯದು. ಲಕ್ವ ಹೊಡೆಯಿತೆಂದು ತಿಳಿಯುವುದು ಎರಡನೆಯದು. ಆದರೆ ಲಕ್ವವು ಥಟ್ಟನೆ ಬರುತ್ತದೆ, ನರಹಾನಿಯು ತಿಂಗಳುಗಟ್ಟಲೆ ಮೆಲ್ಲಗೆ ಏರುತ್ತದೆ. ಕಿರಣ ತಗುಲಿದ ಕತ್ತಿನ ರಕ್ತನಾಳಗಳು ಕಿರಿದಾಗಿ ನಿಜವಾದ ಲಕ್ವವೂ ಬರಬಹುದಾದುದರಿಂದ, ಥಟ್ಟನೆ ತೋರಿದ ದೌರ್ಬಲ್ಯವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಮೂರನೆಯದು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗುವುದು. ನಾಲ್ಕನೆಯದು, ಅರ್ಬುದವೇ ಮರಳಿ ಬಂದಿತೆಂದು ಪರೀಕ್ಷೆಯಿಲ್ಲದೆ ಕೈಚೆಲ್ಲುವುದು.

ಈ ನಾಲ್ಕನೆಯದು ಅತ್ಯಂತ ಕಠಿನವಾದ ಪ್ರಶ್ನೆ. ಅರ್ಬುದವು ಮರಳಿದ್ದರೆ ಮೊದಲಿನಿಂದಲೂ ತೀವ್ರವಾದ ನೋವಿರುವುದು ಸಾಮಾನ್ಯ. ಕಿರಣದ ಹಾನಿಯಲ್ಲಿ ನೋವು ಕಡಮೆ, ದೌರ್ಬಲ್ಯ ಹೆಚ್ಚು. ಆದರೆ ಇದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ಕಾಂತೀಯ ಚಿತ್ರಣ ಮತ್ತು ಅಗತ್ಯವಾದರೆ ಇತರ ಪರೀಕ್ಷೆಗಳಿಂದ ಗೆಡ್ಡೆಯಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸ್ನಾಯುವಿನೊಳಗೆ ಸೂಜಿಯನ್ನಿಟ್ಟು ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆಯಲ್ಲಿ, ಕಿರಣದಿಂದ ಕೆಟ್ಟ ನರವು ಒಂದು ವಿಶಿಷ್ಟವಾದ ಅಲೆಯಂಥ ಮಿಡಿತವನ್ನು ತೋರಿಸುವುದುಂಟು. ಅದು ಕಂಡರೆ ನಿರ್ಣಯಕ್ಕೆ ಬಲ ಬರುತ್ತದೆ.

೭. ಆಲ್ದೂರಿನಿಂದ ನೋಡಿದಾಗ

ಆಲ್ದೂರು ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ಹಾದಿಯಲ್ಲಿ, ಜಿಲ್ಲಾಕೇಂದ್ರದಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿದೆ. ಸುತ್ತಲೂ ಕಾಫಿತೋಟಗಳು, ನಡುನಡುವೆ ಅಡಕೆ, ಮೆಣಸು. ಎಲೆಯಡಕೆಯೂ ಹೊಗೆಸೊಪ್ಪೂ ಇಲ್ಲಿಯ ಜನಜೀವನದಲ್ಲಿ ಬೆರೆತುಹೋಗಿವೆ. ಹೊಗೆಸೊಪ್ಪು ಮತ್ತು ಮದ್ಯಗಳು ಗಂಟಲಿನ ಅರ್ಬುದಕ್ಕೆ ಪ್ರಧಾನ ಕಾರಣಗಳೆಂಬುದು ಸುವಿದಿತ. ಅಡಕೆಯು ಸ್ವತಃ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ ನಿರ್ಣಯಿಸಿದೆ.

ಇಲ್ಲಿಯ ತೋಟವೊಂದರ ಲೈನ್‌ಮನೆಯಲ್ಲಿ ವಾಸಿಸುವ ಕೂಲಿಕಾರನೊಬ್ಬನನ್ನು ಊಹಿಸಿಕೊಳ್ಳೋಣ. ಅವನು ಏಳು ವಾರ ಬೆಂಗಳೂರಿನಲ್ಲಿಯೋ ಮಣಿಪಾಲದಲ್ಲಿಯೋ ಇದ್ದು ಚಿಕಿತ್ಸೆ ಮುಗಿಸಿ ಬರುತ್ತಾನೆ. ಎರಡು ಮೂರು ವರ್ಷ ಕರೆದಾಗಲೆಲ್ಲ ಹೋಗಿ ತೋರಿಸುತ್ತಾನೆ. ರೋಗವಿಲ್ಲವೆಂದು ವೈದ್ಯರು ಹೇಳುತ್ತಾರೆ, ಬಸ್ಸಿನ ಖರ್ಚು, ಕಳೆದುಹೋಗುವ ದಿನಗೂಲಿ ಎರಡೂ ಎದುರಿಗೆ ನಿಲ್ಲುತ್ತವೆ, ಹೋಗುವುದು ನಿಲ್ಲುತ್ತದೆ. ಅಷ್ಟರಲ್ಲಿ ಅವನು ಬೇರೊಂದು ತೋಟಕ್ಕೆ ಕೆಲಸಕ್ಕೆ ಸೇರಿರುತ್ತಾನೆ. ಮಲೆನಾಡಿನ ಮಳೆಗಾಲದ ಶೀತಕ್ಕೆ ಆಸ್ಪತ್ರೆಯ ಕಾಗದಗಳು ಬೂಷ್ಟು ಹಿಡಿದಿರುತ್ತವೆ, ಇಲ್ಲವೆ ಕಳೆದಿರುತ್ತವೆ. ಎಂಟನೆಯ ವರ್ಷ ನಾಲಗೆ ತೊದಲತೊಡಗಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದಾಗ, ಅಲ್ಲಿಯ ವೈದ್ಯರಿಗೆ ತಿಳಿಯುವುದು ಹಿಂದೆ ಎಂದೋ ‘ಕರೆಂಟು ಕೊಡಿಸಿಕೊಂಡಿದ್ದ’ ಎಂಬ ಒಂದು ಮಾತು ಮಾತ್ರ. ಎಷ್ಟು, ಎಲ್ಲಿಗೆ, ಯಾವಾಗ ಎಂಬುದಕ್ಕೆ ಉತ್ತರವಿಲ್ಲ.

ಸಾರ್ವಜನಿಕ ದಾಖಲೆಗಳಿಂದಲೂ ಈ ಕೊರತೆ ತುಂಬುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಯೋಜನೆಯಂತೆ ಬೆಂಗಳೂರಿನ ಅರ್ಬುದ ನೋಂದಣಿಯು ೧೯೮೨ರಿಂದ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯುತ್ತಿದೆ. ಇಂಥ ನೋಂದಣಿಗಳ ಮುಖ್ಯ ಉದ್ದೇಶ ಹೊಸದಾಗಿ ರೋಗ ತಗುಲಿದವರ ಮತ್ತು ಮೃತರಾದವರ ಲೆಕ್ಕ. ಅವೆರಡರ ನಡುವೆ ಇಪ್ಪತ್ತು ವರ್ಷ ಬಾಳಿದವನ ನಾಲಗೆ, ಭುಜ, ಗಂಟಲುಗಳಿಗೆ ಏನಾಯಿತೆಂಬುದು ಆ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಜಿಲ್ಲೆ ಹಿಂದೆ ಕಡೂರು ಜಿಲ್ಲೆಯೆನಿಸಿದ್ದಾಗ, ೧೯೦೧ರಲ್ಲಿ, ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟದಲ್ಲಿ ಇಲ್ಲಿಯ ಶಾಸನಗಳನ್ನು ಪ್ರಕಟಿಸಿದರು. ದಾನಶಾಸನವನ್ನು ಕೈಗೆತ್ತಿಕೊಂಡ ಇತಿಹಾಸದ ವಿದ್ಯಾರ್ಥಿಯು ಕಾಲ ಯಾವುದು, ಕೊಟ್ಟವರಾರು, ಕೊಟ್ಟದ್ದೆಷ್ಟು, ಚತುಸ್ಸೀಮೆ ಎಲ್ಲಿಂದ ಎಲ್ಲಿಗೆ ಎಂದು ಕೇಳುತ್ತಾನೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚಿಕಿತ್ಸಾ ಸಾರಾಂಶದ ಹಾಳೆಯನ್ನೂ ಇದೇ ಪ್ರಶ್ನೆಗಳೊಡನೆ ಓದಬೇಕು. ಚಿಕಿತ್ಸೆ ಆರಂಭವಾದ ಮತ್ತು ಮುಗಿದ ದಿನಾಂಕ, ಕಿರಣದ ಒಟ್ಟು ಮೊತ್ತ, ಕಂತುಗಳ ಸಂಖ್ಯೆ, ಬಳಸಿದ ಯಂತ್ರ, ಕತ್ತಿನ ಯಾವ ಭಾಗಕ್ಕೆ ಎಲ್ಲೆ ಹಾಕಲಾಗಿತ್ತೆಂಬುದು, ಜೊತೆಗೆ ಕೊಟ್ಟ ಔಷಧಿ, ನಡೆದ ಶಸ್ತ್ರಚಿಕಿತ್ಸೆ—ಇಷ್ಟೂ ಅದರಲ್ಲಿರಬೇಕು. ಶಸ್ತ್ರಚಿಕಿತ್ಸೆಯಿಂದಲೂ ಭುಜದ ನರ ಕೆಡಬಹುದು. ಸಿಸ್‌ಪ್ಲಾಟಿನ್ ಎಂಬ ಔಷಧಿಯಿಂದಲೂ ಕಿವಿಗೂ ಕೈಕಾಲುಗಳ ನರಗಳಿಗೂ ಹಾನಿಯಾಗಬಹುದು. ಆದುದರಿಂದ ಇವುಗಳ ಉಲ್ಲೇಖವು ಅನಾವಶ್ಯಕವಲ್ಲ.

ಹಳೆಯ ಹಾಳೆಗಳನ್ನು ಓದುವವರು ಮಾನಗಳ ಬದಲಾವಣೆಯನ್ನೂ ಗಮನಿಸಬೇಕು. ‘ಗ್ರೇ’ ಮಾನವು ೧೯೭೫ರಲ್ಲಿ ಅಂತರರಾಷ್ಟ್ರೀಯವಾಗಿ ಅಂಗೀಕೃತವಾಯಿತು. ಅದಕ್ಕೆ ಹಿಂದೆ ‘ರ್ಯಾಡ್’ ಎಂಬುದು ಬಳಕೆಯಲ್ಲಿತ್ತು. ೧೦೦ ರ್ಯಾಡ್ ಒಂದು ಗ್ರೇಗೆ ಸಮ. ೬೦೦೦ ರ್ಯಾಡ್ ಎಂದು ಬರೆದಿದ್ದರೂ, ೬೦೦೦ ಸೆಂಟಿಗ್ರೇ ಎಂದು ಬರೆದಿದ್ದರೂ, ೬೦ ಗ್ರೇ ಎಂದು ಬರೆದಿದ್ದರೂ ಮೊತ್ತ ಒಂದೇ. ಮೊಳ, ಕಂಬಗಳ ಅಳತೆಯನ್ನು ತಿಳಿಯದೆ ಶಾಸನದ ಭೂಮಿಯನ್ನು ಅಳೆಯಹೊರಟವನಂತೆ, ಮಾನವನ್ನರಿಯದೆ ಹಾಳೆಯನ್ನು ಓದಿದವನೂ ದಾರಿತಪ್ಪುತ್ತಾನೆ.

೮. ಮಾಡಬಹುದಾದುದು

ಸತ್ತ ನರವನ್ನು ಮತ್ತೆ ಚಿಗುರಿಸುವ ಔಷಧಿಯು ಇಂದಿಗೂ ದೊರೆತಿಲ್ಲ. ನಾರುಗಟ್ಟುವಿಕೆಯನ್ನು ಸಡಿಲಿಸಬಹುದೆಂದು ಪೆಂಟಾಕ್ಸಿಫಿಲಿನ್ ಎಂಬ ಔಷಧಿಯನ್ನು ಇ-ಜೀವಸತ್ವದೊಡನೆ ಕೊಟ್ಟು ನೋಡಿದರು; ಒತ್ತಡ ಹೆಚ್ಚಿಸಿದ ಕೋಣೆಯಲ್ಲಿ ಆಮ್ಲಜನಕವನ್ನು ಉಸಿರಾಡಿಸಿಯೂ ನೋಡಿದರು. ತೋಳಿನ ನರಜಾಲದ ಹಾನಿಯಲ್ಲಿ, ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ಪರೀಕ್ಷಿಸಿದಾಗ ನಿರೀಕ್ಷಿಸಿದ ಗುಣವು ಸ್ಥಿರಪಡಲಿಲ್ಲ. ಹಾಗೆಂದು ಮಾಡಬೇಕಾದುದು ಏನೂ ಇಲ್ಲವೆಂದು ತಿಳ್ಕೊಳ್ಳಬಾರದು.

ಮೊದಲನೆಯದು ನುಂಗುವಿಕೆಯ ಪರೀಕ್ಷೆ. ಬೇರಿಯಮ್ ಬೆರೆಸಿದ ಆಹಾರವನ್ನು ನುಂಗಿಸುತ್ತ ಕ್ಷ-ಕಿರಣದ ಚಲಚ್ಚಿತ್ರವನ್ನು ತೆಗೆದರೆ, ಆಹಾರವು ಶ್ವಾಸನಾಳಕ್ಕೆ ಜಾರುತ್ತಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಅಕ್ಕಿರೊಟ್ಟಿಯಂಥ ಒಣ ಪದಾರ್ಥವೇ ಕಷ್ಟ, ನೀರು ಸುಲಭ ಎಂಬುದು ಜನರ ಊಹೆ. ವಸ್ತುಸ್ಥಿತಿ ಅನೇಕ ವೇಳೆ ಬೇರೆಯಾಗಿರುತ್ತದೆ. ನೀರು, ಕಾಫಿ, ತಿಳಿಸಾರುಗಳು ಬೇಗ ಹರಿಯುವುದರಿಂದ ದುರ್ಬಲವಾದ ಗಂಟಲು ಅವನ್ನು ತಡೆಯಲಾರದೆ ಶ್ವಾಸನಾಳಕ್ಕೆ ಬಿಡುತ್ತದೆ. ಗಂಜಿಯಷ್ಟು ಮಂದವಾದುದು ಕೆಲವರಿಗೆ ಹೆಚ್ಚು ಸುರಕ್ಷಿತ. ಯಾರಿಗೆ ಯಾವುದು ತಕ್ಕುದೆಂಬುದನ್ನು ಪರೀಕ್ಷೆಯಿಂದಲೇ ತಿಳಿಯಬೇಕು. ತಲೆಯನ್ನು ಯಾವ ಕಡೆಗೆ ತಿರುಗಿಸಿ ನುಂಗಬೇಕು, ನಾಲಗೆಗೆ ಯಾವ ಅಭ್ಯಾಸ ಮಾಡಿಸಬೇಕು ಎಂಬುದನ್ನು ಕಲಿಸುವ ತಜ್ಞರು ಈಗ ಇದ್ದಾರೆ. ೧೯೬೦ರ ದಶಕದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿದ್ಯೆಯನ್ನು ಕಲಿಸುತ್ತಲೂ ರೋಗಿಗಳನ್ನು ನೋಡುತ್ತಲೂ ಇದೆ. ಚಲನೆ ನಿಂತ ಧ್ವನಿತಂತುವನ್ನು ಶಸ್ತ್ರಕ್ರಿಯೆಯಿಂದ ನಡುವಿಗೆ ಸರಿಸಿ ಧ್ವನಿಯನ್ನು ಸುಧಾರಿಸುವುದುಂಟು. ಬಾಯಿಯಿಂದ ಉಣ್ಣುವುದು ಅಪಾಯಕರವೆನಿಸಿದಾಗ ಹೊಟ್ಟೆಗೆ ನೇರವಾಗಿ ನಳಿಗೆಯಿಟ್ಟು ಆಹಾರ ಕೊಡುವುದೂ ಒಂದು ಉಪಾಯ, ಅದನ್ನು ಸೋಲೆಂದೆಣಿಸಬೇಕಾಗಿಲ್ಲ.

ಭುಜ ಮತ್ತು ಕತ್ತುಗಳಿಗೆ ನಿತ್ಯವೂ ವ್ಯಾಯಾಮ ಮಾಡಿಸಿದರೆ ಬಿಗಿತವನ್ನು ತಕ್ಕಮಟ್ಟಿಗೆ ತಡೆಯಬಹುದು. ಕತ್ತಿನ ಥೈರಾಯ್ಡ್ ಗ್ರಂಥಿಯೂ ಕಿರಣದಿಂದ ಕುಂದುವುದು ಸಾಮಾನ್ಯ. ಅದರಿಂದಲೂ ಧ್ವನಿ ಒರಟಾಗಿ ಮೈ ನಿಧಾನವಾಗುತ್ತದೆ. ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ, ದಿನಕ್ಕೊಂದು ಮಾತ್ರೆಯಿಂದ ಸರಿಹೋಗುತ್ತದೆ. ಆದುದರಿಂದ ಅದನ್ನು ಮರೆಯದೆ ಮಾಡಿಸಬೇಕು. ಇನ್ನು ಚಿಕಿತ್ಸೆಯ ಕಡೆಯಲ್ಲಿ, ಕಿರಣವನ್ನು ಗೆಡ್ಡೆಯ ಆಕಾರಕ್ಕೆ ಹೊಂದಿಸಿ ಬಿಡುವ ಯಂತ್ರಗಳು ೧೯೯೦ರ ದಶಕದಿಂದ ಈಚೆಗೆ ಬಳಕೆಗೆ ಬಂದಿದ್ದು, ನರಜಾಲವನ್ನು ಮೊದಲೇ ನಕಾಶೆಯಲ್ಲಿ ಗುರುತಿಸಿ ಅದಕ್ಕೆ ತಗುಲುವ ಪಾಲನ್ನು ಮಿತಗೊಳಿಸುವುದು ಸಾಧ್ಯವಾಗಿದೆ.

ಇಷ್ಟನ್ನು ಓದಿದವರು ವಿಕಿರಣ ಚಿಕಿತ್ಸೆಗೆ ಅಂಜುವಂತಾಗಬಾರದು. ಚಿಕಿತ್ಸೆ ಪಡೆದವರಲ್ಲಿ ಬಹುಮಂದಿಗೆ ಈ ನರಹಾನಿ ಬರುವುದಿಲ್ಲ; ಚಿಕಿತ್ಸೆ ಪಡೆಯದೆ ಹೋದವರ ಗತಿ ೧೮೮೬ರಲ್ಲಿ ಏನಿತ್ತೋ ಇಂದೂ ಅದೇ. ನಮ್ಮ ಮಾತಿನ ತಾತ್ಪರ್ಯವಿಷ್ಟೆ: ಕೊನೆಯ ಕಂತು ಮುಗಿದ ದಿನಕ್ಕೆ ಚಿಕಿತ್ಸೆಯ ಚರಿತ್ರೆ ಮುಗಿಯುವುದಿಲ್ಲ. ಯಾವ ಪಟ್ಟೆಯಲ್ಲಿ ಯಾವ ವರ್ಷ ಗಿಡ ನೆಟ್ಟರು, ಯಾವ ತಿಂಗಳು ಬೋರ್ಡೋ ದ್ರಾವಣ ಹೊಡೆದರು ಎಂಬುದನ್ನು ತೋಟದ ಪುಸ್ತಕದಲ್ಲಿ ಬರೆದಿಡುವ ಸೀಮೆಯಿದು. ಅದೇ ಪುಸ್ತಕದ ಪಕ್ಕದಲ್ಲಿ ಕೂಲಿಕಾರನ ಚಿಕಿತ್ಸೆಯ ಹಾಳೆಯ ಒಂದು ಪ್ರತಿಗೂ ಸ್ಥಳ ದೊರೆಯಬೇಕು. ಮತ್ತೊಂದು ಪ್ರತಿ ಹತ್ತಿರದ ಆರೋಗ್ಯ ಕೇಂದ್ರದಲ್ಲಿರಬೇಕು. ಮೂಲವು ನೀರು ತಾಗದ ಚೀಲದಲ್ಲಿ ಮನೆಯಲ್ಲಿರಬೇಕು. ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಇಂಥ ಹಾಳೆಗಳನ್ನು, ಅವುಗಳ ಒಡೆಯರ ಒಪ್ಪಿಗೆ ಪಡೆದು, ನಕಲುಮಾಡಿ ಅವರ ಕೈಗೇ ಒಪ್ಪಿಸುವ ಕೆಲಸವನ್ನು ಕೈಕೊಂಡರೆ, ದಾಖಲೆಯ ಬೆಲೆಯನ್ನು ಪಾಠದಲ್ಲಿ ಕಲಿತದ್ದಕ್ಕಿಂತ ಹೆಚ್ಚಾಗಿ ಅಲ್ಲಿ ಕಲಿಯುವರೆಂದು ನಾವು ನಂಬಿದ್ದೇವೆ.